ಆರ್ಥರ್ ಅಂಕಲ್‌ರ ಮಡಚದ ಕಾಲು

ನೋವಿನ ಮುಲಾಮಿನ ವಾಸನೆ ಎಲ್ಲೇ ಬಂದರೂ ನನಗೆ ಅಮೆರಿಕದ ಹೇವರ್ಡಿನ ನಮ್ಮ ಹಳೆಯ ಅಪಾರ್ಟ್‌ಮೆಂಟು ನೆನಪಾಗುತ್ತದೆ. ಕೆಳಗಿನ ಮನೆಯ ಆರ್ಥರ್ ಅಂಕಲ್ ಬಾಗಿಲು ತೆರೆದೊಡನೆ ಆ ವಾಸನೆ ಮೆಟ್ಟಿಲು ಹತ್ತಿ ಬಂದು ಅಜ್ಜಿಯ ಒಗ್ಗರಣೆಯ ಘಮದೊಂದಿಗೆ ಜಗಳಕ್ಕೆ ನಿಲ್ಲುತ್ತಿತ್ತು. ಗೋದಾಮಿನಲ್ಲಿ ಕೆಲಸಕ್ಕಿದ್ದ ಆ ಇಂಗ್ಲೆಂಡಿನವರು ಭಾನುವಾರ ಪಾರ್ಕಿನಲ್ಲಿ ನಮ್ಮಂಥ ಹುಡುಗಿಯರಿಗೆ ಫುಟ್‌ಬಾಲ್ ಹೇಳಿಕೊಡುತ್ತಿದ್ದರು. ಹದಿನಾರನೆಯ ವಯಸ್ಸಿಗೇ ಕ್ಲಬ್ಬು ಸೇರಿ ಹಿರಿಯ ಆಟಗಾರರ ಬೂಟು ಒರೆಸಿದ್ದು, ಆಮೇಲೆ ಎರಡನೆಯ ದರ್ಜೆಯ ಲೀಗಿನಲ್ಲಿ ಸಂಬಳಕ್ಕೆ ಆಡಿದ್ದು, ಕೆಸರಿನಲ್ಲಿ ಜಾರುತ್ತಲೇ ಗೋಲು ಹೊಡೆದದ್ದು, ಎಲ್ಲವನ್ನೂ ರಸವತ್ತಾಗಿ ಹೇಳುತ್ತಿದ್ದರು. ಕೇಳಲು ಚೆಂದ, ನಂಬಲು ಕಷ್ಟ. ಒಂದು ವಾರ ತಲೆಯಿಂದ ಹೊಡೆದ ಗೋಲು ಮುಂದಿನ ವಾರ ಎಡಗಾಲಿನದಾಗಿರುತ್ತಿತ್ತು. ಅದೂ ಹೋಗಲಿ, ಅವರು ಚೆಂಡು ಒದ್ದದ್ದನ್ನು ನಾವು ಯಾರೂ ಕಂಡಿರಲಿಲ್ಲ. ಪಾಠವೆಲ್ಲ ಬಾಯಲ್ಲಿ ಮತ್ತು ಕೈಸನ್ನೆಯಲ್ಲಿ.

ಮಂಡ್ಯದಿಂದ ಬಂದ ಇಂಜಿನಿಯರ್ ನನ್ನಪ್ಪ ಹಾಲಿನ ಡಬ್ಬದ ತಾರೀಖನ್ನೂ ಎರಡು ಸಲ ನೋಡುವ ಮನುಷ್ಯ. ಅಂಕಲ್ ನನ್ನನ್ನು ಓಕ್ಲ್ಯಾಂಡಿನ ಒಂದು ಟೀಮಿನ ಆಯ್ಕೆಗೆ ಕರೆದೊಯ್ಯುತ್ತೇನೆಂದಾಗ ಅಪ್ಪನ ಅನುಮಾನ ಬಲಿಯಿತು. "ಇಂಟರ್ನೆಟ್ಟಲ್ಲಿ ಅವನ ಹೆಸರೇ ಇಲ್ಲ ಕಣೆ. ಅಂಥಾ ಪ್ಲೇಯರ್ರು ವೇರ್‌ಹೌಸಲ್ಲಿ ಯಾಕಿರ್ತಾನೆ?" ಎಂದರು. ನಾನು ಅತ್ತೆ. ನನ್ನ ಗೋಳು ನೋಡಲಾರದೆ ಅಜ್ಜಿ ಒಂದು ದಾರಿ ಹೇಳಿದಳು: "ಗಣೇಶನ ಹಬ್ಬಕ್ಕೆ ಅವನನ್ನ ಊಟಕ್ಕೆ ಕರಿ ಕಣಪ್ಪ. ಎದುರಿಗೆ ಕೂತರೆ ಮನುಷ್ಯ ಎಂಥವನು ಅಂತ ಗೊತ್ತಾಗುತ್ತೆ."

ಹಾಲ್‌ನಲ್ಲಿ ಗಣೇಶನ ಎದುರು ನೆಲದ ಮೇಲೆ ಎಲೆ ಹಾಕಿದ್ದೆವು. ಅಂಕಲ್ ಗೋಡೆ ಹಿಡಿದು ಹೇಗೋ ಕೂತು, ಬಲಗಾಲನ್ನು ನೇರ ದೇವರ ಕಡೆಗೆ ಚಾಚಿಬಿಟ್ಟರು. ಸಾರಿನ ಸೌಟು ಹಿಡಿದ ಅಜ್ಜಿಯ ಕೈ ಅಲ್ಲೇ ನಿಂತಿತು. ಕಾಲು ಮಡಚಿ ಎಂದು ಅಪ್ಪ ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದರು. ಇದು ಮಡಚುವುದಿಲ್ಲ ಎಂದು ಅಂಕಲ್ ನಕ್ಕರು. ಅಪ್ಪನಿಗೆ ಅಷ್ಟು ಸಾಕಾಯಿತು. ನನ್ನತ್ತ ತಿರುಗಿ, "ನೋಡಿದ್ಯಾ? ಕಾಲೇ ಮಡಚದವನು ಫುಟ್‌ಬಾಲ್ ಆಡ್ತಿದ್ನಂತೆ!" ಎಂದರು. ಅಂಕಲ್‌ಗೆ ಕನ್ನಡ ಬಾರದು, ಆದರೆ ಫುಟ್‌ಬಾಲ್ ಎಂಬ ಮಾತು, ಅಪ್ಪನ ಮುಖ, ಎರಡೂ ತಿಳಿದವು. ಪಾಯಸಕ್ಕೆ ಮೊದಲೇ ಎದ್ದು ಹೋದರು. ಅಪ್ಪ ನನ್ನನ್ನು ಓಕ್ಲ್ಯಾಂಡಿಗೆ ಕಳಿಸಲಿಲ್ಲ. ಚಳಿಗಾಲದ ಹೊತ್ತಿಗೆ ಕೆಳಗಿನ ಮನೆ ಖಾಲಿಯಾಗಿ, ಮೆಟ್ಟಿಲಲ್ಲಿ ಬರೀ ಒಗ್ಗರಣೆಯ ವಾಸನೆ ಉಳಿಯಿತು. ಆಟವೇ ಆ ಮಂಡಿಯನ್ನು ತಿಂದಿರಬಹುದೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲೇ ಇಲ್ಲ.

ಈಗ ಅಜ್ಜಿ ಇಲ್ಲ, ಹೇವರ್ಡಿನ ಆ ನಮ್ಮ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಈ ಸಲದ ಹಬ್ಬ ಎಮರಿವಿಲ್ಲಿನ ನನ್ನ ಮನೆಯಲ್ಲಿ. ಮಂಡಿಯ ಆಪರೇಷನ್ ಆದ ಅಪ್ಪ ಮುಲಾಮು ಹಚ್ಚಿಕೊಂಡು, ಕುರ್ಚಿಯಲ್ಲಿ ಕೂತು ಕಾಲು ಚಾಚಿದ್ದರು. "ತಾತಾ, ಯುವರ್ ಫುಟ್ ಈಸ್ ಪಾಯಿಂಟಿಂಗ್ ಅಟ್ ಗಣೇಶ!" ಎಂದು ನನ್ನ ಮಗಳು ಕೂಗಿದಳು. ಅಪ್ಪ ಕಾಲನ್ನು ಎಳೆದುಕೊಳ್ಳಲು ನೋಡಿದರು, ಆಗಲಿಲ್ಲ. ನಾನು ಪಾಯಸ ತಂದಾಗ ಆ ಕಾಲಿನಿಂದ ಕಣ್ಣು ತೆಗೆಯದೆಯೇ ಹೇಳಿದರು:

"ಅವನು ಆಡಿದ್ನೋ ಇಲ್ವೋ, ನಂಗೀಗಲೂ ಡೌಟೇ. ಆದ್ರೂ ಅವತ್ತು ಒಂದು ಕುರ್ಚಿ ಹಾಕ್ಬೇಕಿತ್ತು ಕಣೆ."