ತಿಳಿನೀರಿನ ಒಂಬತ್ತು ವರ್ಷ

ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದಿರು ತೆಗೆದ ಮೇಲೆ ಉಳಿದ ಬೂದು ಹುಡಿಮಣ್ಣು ಮಾತ್ರ ಗುಡ್ಡವಾಗಿ ಬಿದ್ದಿತ್ತು. ಅದರ ವಿಷ ಬುಡದ ಕೇರಿಯ ಬಾವಿಗೆ ಇಳಿಯುತ್ತಿದೆಯೇ ಎಂದು ನೋಡಲು ತಿಂಗಳಿಗೊಮ್ಮೆ ನೀರನ್ನು ಬಾಟ್ಲಿಗೆ ತುಂಬಿ ಲ್ಯಾಬಿಗೆ ಕಳಿಸುವುದು ಬಾಟ್ಲಿ ಅಕ್ಕನ ಕೆಲಸ. ಮಳೆಯೆನ್ನದೆ ಬಿಸಿಲೆನ್ನದೆ ಒಂದು ತಿಂಗಳೂ ತಪ್ಪಿಸಿದವಳಲ್ಲ. ಇನ್ನು ಅಚ್ಚುಕಟ್ಟು ಕೇಳಬೇಡಿ, ಅವಳ ಮನೆಯ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಕೇರಿಯವರು ಕಿಚಾಯಿಸುತ್ತಿದ್ದರು.

ಒಂಬತ್ತು ವರ್ಷವೂ ವರದಿ ಒಂದೇ: ಕುಡಿಯಲು ಅಡ್ಡಿಯಿಲ್ಲ. ಬಾವಿಯ ಎದುರಿಗೇ ಅವಳ ತಂಗಿಯ ಮನೆ. ತಂಗಿಯ ಮಕ್ಕಳು ಬೆಳೆದದ್ದೂ ಆ ನೀರಿನಲ್ಲೇ.

ಲ್ಯಾಬಿಗೆ ಹೊಸದಾಗಿ ಸೇರಿದ ಕೆಮಿಸ್ಟ್ ಹುಡುಗಿ ಒಂದು ದಿನ ಬಾವಿ ನೋಡಲು ಬಂದಳು. ಅಕ್ಕ ನೀರು ಸೇದಿ, ಬಕೆಟ್ಟನ್ನು ಕಟ್ಟೆಯ ಮೇಲಿಟ್ಟು, ಕೈಕಟ್ಟಿ ಕೂತಳು.

"ಯಾಕಕ್ಕ, ತುಂಬಲ್ವಾ?"

"ಇರಮ್ಮ, ಕೆಸರು ಕೂರಲಿ. ಕದಡಿದ ನೀರು ಕಳಿಸಿದ್ರೆ ಆಫೀಸಲ್ಲಿ ಏನಂದ್ಕೋತಾರೆ?"

ಹುಡುಗಿಯ ಮುಖ ಕಪ್ಪಿಟ್ಟಿತು. "ಅಕ್ಕಾ, ಗುಡ್ಡದ ಸೀಸದ ವಿಷ ಬರೋದೇ ಆ ಕೆಸರಲ್ಲಿ. ಜನ ಹೀಗೆ ತಿಳಿ ಮಾಡ್ಕೊಂಡು ಕುಡೀತಾರಾ?"

"ಎಲ್ಲಿ, ಸೇದಿದ ಕೂಡ್ಲೇ ಕುಡೀತಾರೆ..." ಎನ್ನುತ್ತಾ ಅಕ್ಕ ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. ಲೋಟ ತೊಳೆದು ನೆಂಟರಿಗೆ ಕೊಡುವ ಹಾಗೆ ಅವಳು ಒಂಬತ್ತು ವರ್ಷವೂ ಲ್ಯಾಬಿಗೆ ಬರೀ ತಿಳಿನೀರು ಕಳಿಸುತ್ತಾ ಬಂದಿದ್ದಳು.

ಆ ಸಲ ಕದಡಿದ ನೀರೇ ಹೋಯಿತು. ಸೀಸ ಮಿತಿಗಿಂತ ನಾಲ್ಕು ಪಟ್ಟು! ಬಾವಿಗೆ ಬೀಗ ಬಿತ್ತು, ಟ್ಯಾಂಕರ್ ಬಂತು.

"ನೀರು ಈಚೆಗೆ ಕೆಟ್ಟಿದೆ ಅಂತ ವರದಿ ಬರೆಯೋಣ. ನಿಮ್ಮ ಹೆಸರು ಯಾಕೆ ಸುಮ್ನೆ?" ಎಂದರು ಆಫೀಸಿನ ಸಾಹೇಬರು.

ಹಾಗೆ ಬರೆದರೆ ಅಕ್ಕನ ಕೆಲಸವೂ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಈಚೆಗೆ ಕೆಟ್ಟಿದ್ದು ಎಂದರೆ ಮಕ್ಕಳ ರಕ್ತ ಪರೀಕ್ಷೆ ಮಾಡಿಸುವವರು ಯಾರು? ಬೇರೆಯವರಾಗಿದ್ದರೆ ಬೀಸೋ ದೊಣ್ಣೆ ತಪ್ಪಿತೆಂದು ಸುಮ್ಮನಿರುತ್ತಿದ್ದರು. ಅಕ್ಕ ಅವತ್ತೇ ಮನೆಮನೆಯ ಬಾಗಿಲು ತಟ್ಟಿದಳು, ಮೊದಲು ತಂಗಿಯ ಮನೆಯದನ್ನೇ.

"ಇದು ಈಗಿಂದಲ್ಲ, ಒಂಬತ್ತು ವರ್ಷದ್ದು. ತಪ್ಪು ನಂದು. ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ."

ತಂಗಿ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿಕೊಂಡಳು. ಕೆಲವರು ಬಾಯಿಗೆ ಬಂದಂತೆ ಬೈದರು. ಎಲ್ಲ ಕೇಳಿಸಿಕೊಂಡು ಅಕ್ಕ ಮುಂದಿನ ಮನೆಗೆ ಹೋದಳು. ಎಂಥ ಗಟ್ಟಿ ಹೆಂಗಸು!

ಪರೀಕ್ಷೆಯ ದಿನ ಆಸ್ಪತ್ರೆಯ ಮುಂದೆ ಇಡೀ ಕೇರಿ ಸಾಲು ನಿಂತಿತ್ತು. ಅಕ್ಕ ಒಬ್ಬಳೇ ಬೆಂಚಿನ ತುದಿಯಲ್ಲಿ ಕೂತಿದ್ದಳು. ತಂಗಿ ಬಂದವಳೇ ತನ್ನ ಕಿರಿಮಗನನ್ನು ಅವಳ ತೊಡೆಯ ಮೇಲೆ ಕೂರಿಸಿದಳು.

"ನೀನೇ ಹಿಡ್ಕೋ. ನಿನ್ನ ಹತ್ರ ಆದ್ರೆ ಹಟ ಮಾಡಲ್ಲ."

ಸೂಜಿ ಚುಚ್ಚಿದರೂ ಅವನು ಅಳಲಿಲ್ಲ. ತಲೆಯೆತ್ತಿ ಅಕ್ಕನ ಒದ್ದೆ ಕಣ್ಣು ನೋಡಿ ಕೇಳಿದ:

"ದೊಡ್ಡಮ್ಮ, ನಿಂಗೂ ಚುಚ್ಚಿದ್ರಾ?"