ಅಪ್ಪನ ಕಿಸೆಯಲ್ಲಿದ್ದ ಹಲ್ಲು

ನಾನು ಚಿಕ್ಕವನಿದ್ದಾಗ ಅಬುಧಾಬಿಯ ಶುಕ್ರವಾರದ ಸಂಜೆಗೆ ಒಂದು ವಾಸನೆ ಇತ್ತು. ಬಿಸಿಲಿಗೆ ಕಾದ ಮರಳು, ಕೆಳಗಿನ ಅಂಗಡಿಯಲ್ಲಿ ಬೇಯುವ ಖುಬ್ಬೂಸ್ ರೊಟ್ಟಿ, ಸಮುದ್ರದ ಉಪ್ಪುಗಾಳಿ, ಎಲ್ಲ ಸೇರಿ ಬರುತ್ತಿತ್ತು. ನಮ್ಮ ಬಿಲ್ಡಿಂಗಿನ ಹಿಂದಿನ ಖಾಲಿ ಜಾಗವೇ ಮೈದಾನ. ಅಲ್ಲಿ ಹುಲ್ಲಿನ ಒಂದು ಕಡ್ಡಿಯೂ ಇರಲಿಲ್ಲ. ಚಪ್ಪಲಿ ಗುಡ್ಡೆ ಹಾಕಿ ಗೋಲು ಮಾಡುತ್ತಿದ್ದೆವು. ಮೊಮ್ಮಕ್ಕಳೇ, ನೀವು ಈಗ ವಾಸಿಸುವ ಅಲ್ ರೀಮ್ ದ್ವೀಪ ಆಗ ನೀರಿನಾಚೆ ಕಾಣುವ ಬೋಳು ನೆಲ.

ಅಪ್ಪನ ಕೆಲಸ ದೂರದ ಮದೀನತ್ ಜಾಯೆದ್‌ನಲ್ಲಿ. ವಾರವಿಡೀ ಅಲ್ಲಿನ ಕ್ಯಾಂಪಿನಲ್ಲಿದ್ದು ಗುರುವಾರ ಮಧ್ಯಾಹ್ನ ಹೊರಟು ಮನೆಗೆ ಬರುತ್ತಿದ್ದರು. ಶುಕ್ರವಾರ ಸಂಜೆ ಕಂಪನಿಯ ಪಿಕಪ್ ಬಂದು ಕರೆದುಕೊಂಡು ಹೋಗುತ್ತಿತ್ತು. ನಡುವೆ ಸಿಗುವ ಹೊತ್ತಿನಲ್ಲಿ ಅವರು ನಮ್ಮ ಪಂದ್ಯದ ರೆಫರಿ.

ನಮಗೆ ಆಟ ಕಲಿಸುತ್ತಿದ್ದವರು ಮೇಲಿನ ಮಹಡಿಯ ಕೋಚ್ ಅಂಕಲ್. ಅಪ್ಪನ ಕಂಪನಿಯವರೇ, ಆದರೆ ಅವರ ಕೆಲಸ ಅಬುಧಾಬಿಯ ಆಫೀಸಿನಲ್ಲಿ. ಊರು ಸ್ಕಾಟ್ಲೆಂಡ್. ಯೌವನದಲ್ಲಿ ಅಲ್ಲಿನ ಒಂದು ಸಣ್ಣ ಬಂದರಿನ ತಂಡದಲ್ಲಿ ಡಿಫೆಂಡರ್ ಆಗಿದ್ದರು, ಅಂದರೆ ಹಿಂದೆ ನಿಂತು ಗೋಲು ತಡೆಯುವವರು. ಮೊಣಕಾಲು ಕೈಕೊಡುವವರೆಗೂ ಅದೇ ತಂಡ, ಅದೇ ಜಾಗ. ಮಳೆ, ಕೆಸರು, ಹೆಪ್ಪುಗಟ್ಟಿದ ನೆಲ, ನೆನೆದು ಕಲ್ಲಿನಂತಾದ ಚರ್ಮದ ಚೆಂಡು. ಅಷ್ಟು ವರ್ಷಗಳಲ್ಲಿ ಅವರು ಹೊಡೆದದ್ದು ಒಂದೇ ಗೋಲು, ಅದೂ ತಪ್ಪಿ ತಮ್ಮದೇ ಬಲೆಗೆ. ಪೇಪರಿನಲ್ಲಿ ಅವರ ಹೆಸರು ದಪ್ಪಕ್ಷರದಲ್ಲಿ ಬಂದದ್ದು ಆವತ್ತು ಮಾತ್ರವಂತೆ. ಹುಬ್ಬಿನ ಮೇಲೆ ಹೊಲಿಗೆಯ ಗುರುತಿತ್ತು. ಮುಂದಿನ ಹಲ್ಲುಗಳು ಯಾರದೋ ಮೊಣಕೈ ತಾಗಿ ಹೋಗಿ, ಆ ಜಾಗದಲ್ಲಿ ಕಟ್ಟಿಸಿದ ಹಲ್ಲು ಇದ್ದವು.

ಆಟಕ್ಕಿಳಿಯುವ ಮುಂಚೆ ಆ ಹಲ್ಲುಗಳನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಆಡದವರೊಬ್ಬರ ಕೈಗೆ ಕೊಡುವುದು ಅವರ ತಂಡದ ರೂಢಿ. ನಮ್ಮ ಮರಳಿನಲ್ಲೂ ಅದನ್ನು ಬಿಟ್ಟಿರಲಿಲ್ಲ. ಅಪ್ಪ ಆ ಗಂಟನ್ನು ಅಂಗಿಯ ಕಿಸೆಗೆ ಹಾಕಿ, ಗುಂಡಿ ಹಾಕಿ, ಆಮೇಲೆ ಸೀಟಿ ಊದುತ್ತಿದ್ದರು.

ಆ ಶುಕ್ರವಾರ ಕೋಚ್ ಅಂಕಲ್ ಬಹಳ ಖುಷಿಯಲ್ಲಿದ್ದರು. ಬರುವ ಗುರುವಾರ ಮಧ್ಯಾಹ್ನ ಅವರು ಊರಿಗೆ ಹೊರಡುವವರಿದ್ದರು. ಹಳೆಯ ಆಟಗಾರರನ್ನೆಲ್ಲ ತಂಡ ಕರೆದಿತ್ತು. ಸಾಲಾಗಿ ಮೈದಾನಕ್ಕೆ ಇಳಿಸಿ ಫೋಟೋ ತೆಗೆಯುತ್ತಾರಂತೆ.

ನನ್ನನ್ನು ಎಂದಿನಂತೆ ಹಿಂದೆ ನಿಲ್ಲಿಸಿದರು. ನಾನು ಮುಖ ಊದಿಸಿಕೊಂಡೆ.

"ಮುಂದೆ ಬಿಟ್ರೆ ನೀನು ಚೆಂಡು ಬಿಟ್ಟು ಮರಳು ಒದೀತಿ," ಎಂದಳು ಅಕ್ಕ. "ಸುಮ್ಮನೆ ನಿಲ್ಲು ಮಾರಾಯ."

ಕೋಚ್ ಅಂಕಲ್ ಬಗ್ಗಿ ಏನೋ ಹೇಳಿದರು. ಹಲ್ಲಿಲ್ಲದ ಬಾಯಿ, ಅದರ ಮೇಲೆ ಸ್ಕಾಟ್ಲೆಂಡಿನ ಇಂಗ್ಲಿಷ್. ನನಗೆ ತಿಳಿಯಲಿಲ್ಲ. ಅಕ್ಕನೇ ಹೇಳಿದಳು: "ಡಿಫೆಂಡರ್ ಚೆನ್ನಾಗಿ ಆಡಿದ್ರೆ ಆ ದಿನ ಏನೂ ಆಗುದಿಲ್ಲವಂತೆ. ಏನೂ ಆಗದ ದಿನವೇ ಒಳ್ಳೇ ದಿನವಂತೆ."

ಆಟದ ನಡುವೆಯೇ ಪಿಕಪ್ ಬಂದು ಹಾರ್ನ್ ಹೊಡೆಯಿತು. ಆವತ್ತು ಬೇಗ ಬಂದಿತ್ತು. "ಯಲ್ಲಾ ಸಾಬ್, ಯಲ್ಲಾ!" ಎಂದು ಡ್ರೈವರ್ ಕೂಗಿ ಅವಸರಪಡಿಸಿದ. ಅಪ್ಪ ಸೀಟಿಯ ದಾರವನ್ನು ಅಕ್ಕನ ಕೊರಳಿಗೆ ಹಾಕಿದರು.

"ಇನ್ನು ನೀನೇ ರೆಫರಿ. ತಮ್ಮ ಅಂತ ಬಿಡ್ಬೇಡ, ಫೌಲ್ ಮಾಡಿದ್ರೆ ಊದು."

ಚಪ್ಪಲಿಯ ಮರಳು ಕೊಡವಿ ಹತ್ತಿದರು. ಗಾಡಿ ಹೋಯಿತು.

ಆಟ ಮುಗಿದ ಮೇಲೆ ಕೋಚ್ ಅಂಕಲ್ ಅಭ್ಯಾಸದಂತೆ ಅಂಗೈ ಚಾಚಿದರು. ಕೊಡಬೇಕಾದವರು ಅಲ್ಲಿರಲಿಲ್ಲ.

"ಅಯ್ಯೋ ದೇವರೇ, ಅಪ್ಪ ಹಲ್ಲು ತಕೊಂಡು ಹೋದ್ರು!" ಎಂದಳು ಅಕ್ಕ.

ನಾವು ಮರಳಿನ ಮೇಲೆ ಬಿದ್ದು ನಕ್ಕೆವು. ಎಲ್ಲರಿಗಿಂತ ಹೆಚ್ಚು ನಕ್ಕವರು ಕೋಚ್ ಅಂಕಲ್. ಅವರ ಬಾಯಿ ಕೀಪರ್ ಇಲ್ಲದ ಗೋಲಿನಂತೆ ಕಾಣುತ್ತಿತ್ತು.

ರಾತ್ರಿ ಅಪ್ಪನ ಫೋನ್ ಬಂತು. ಅಕ್ಕ ಎತ್ತಿದಳು. "ಉಂಟು, ಭದ್ರ ಉಂಟು ಮಾರಾಯ್ತಿ. ಊಟಕ್ಕೆ ಕೂತಾಗ ಕಿಸೆಯಿಂದ ನನ್ನನ್ನೇ ನೋಡಿ ನಗ್ತಾ ಇತ್ತು. ಅವರ ಫ್ಲೈಟಿಗೆ ಮೊದಲು ತಲುಪಿಸ್ತೇನೆ, ಹೇಳು."

ಆ ವಾರ ಕೋಚ್ ಅಂಕಲ್ ಖುಬ್ಬೂಸನ್ನು ಚಹಾದಲ್ಲಿ ಅದ್ದಿ ತಿಂದರು. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅಕ್ಕ ಕೈ ಆಡಿಸಿ, "ಗುರುವಾರ, ಅಂಕಲ್," ಎನ್ನುತ್ತಿದ್ದಳು.

ಹೇಳಿದ ಹೊತ್ತಿಗೆ ಮುಟ್ಟಬೇಕೆಂದು ಅಪ್ಪ ಗುರುವಾರ ಬೆಳಗ್ಗೆಯೇ ರಜೆ ಹಾಕಿ ಹೊರಟರು. ಚಳಿಗಾಲ. ರಸ್ತೆಯ ಮೇಲೆ ದಟ್ಟ ಮಂಜು. ಕರಗುವವರೆಗೆ ಕಾಯೋಣ ಎಂದು ಡ್ರೈವರ್ ಹೇಳಿದನಂತೆ. ಆ ಮನುಷ್ಯನಿಗೆ ವಿಮಾನ ಹಿಡಿಯಲಿಕ್ಕುಂಟು ಎಂದರಂತೆ ಅಪ್ಪ. ಮುಂದೆ ನಿಂತಿದ್ದ ಲಾರಿ ಅವರಿಗೆ ಕಾಣಲಿಲ್ಲ. ಡ್ರೈವರ್ ಗಾಯಗೊಂಡು ಉಳಿದ. ಇದನ್ನು ಅಮ್ಮನಿಗೆ ಹೇಳಿದವನು ಅವನೇ. ಅಪ್ಪ ಮನೆಗೆ ಬರಲಿಲ್ಲ.

ಕೋಚ್ ಅಂಕಲ್ ಊರಿಗೆ ಹೋಗಲಿಲ್ಲ. ನಮ್ಮ ಮನೆಗೆ ಬಂದು, ಬಾಗಿಲ ಬಳಿ ಚಪ್ಪಲಿಗಳ ಪಕ್ಕ ನೆಲದ ಮೇಲೆ ಕುಳಿತರು. ಬಾಯಿಗೆ ಅಡ್ಡವಾಗಿ ಕೈ ಹಿಡಿದಿದ್ದರು. ಆಫೀಸಿನವರು ಅಪ್ಪನ ವಾಚು, ಕನ್ನಡಕ, ಊಟದ ಡಬ್ಬಿ ತಂದುಕೊಟ್ಟರು. ಅಕ್ಕ ಆ ಚೀಲವನ್ನು ತಿರುವಿ ತಿರುವಿ ಹುಡುಕಿದಳು. ಕರವಸ್ತ್ರ ಇರಲಿಲ್ಲ. ಕೋಚ್ ಅಂಕಲ್ ಅವಳ ಕೈಯಿಂದ ಚೀಲ ತೆಗೆದು ಮೆಲ್ಲನೆ ಬದಿಗಿಟ್ಟರು.

ನಮ್ಮ ವೀಸಾ ಅಪ್ಪನ ಹೆಸರಿನ ಮೇಲಿತ್ತು. ಅವರಿಲ್ಲದೆ ನಾವು ಅಲ್ಲಿ ಇರುವಂತಿರಲಿಲ್ಲ. ಮನೆ ಖಾಲಿ ಮಾಡಿ ಮಂಗಳೂರಿಗೆ ಹೊರಟೆವು. ಏರ್‌ಪೋರ್ಟಿಗೆ ಕೋಚ್ ಅಂಕಲ್ ಬಂದಿದ್ದರು. ಬೇರೆ ಹಲ್ಲು ಕಟ್ಟಿಸಿರಲಿಲ್ಲ. ಇನ್ನು ಮುಂದೆ ಆಡುವಾಗ ಎಲ್ಲಿ ನಿಲ್ಲುತ್ತೀ ಎಂದು ನನ್ನನ್ನು ಕೇಳಿದರು. ಈ ಸಲ ಅವರ ಇಂಗ್ಲಿಷ್ ನನಗೇ ತಿಳಿಯಿತು. ಹಿಂದೆ, ಎಂದೆ.

ಮಕ್ಕಳೇ, ನಿಮ್ಮ ಮೈದಾನದಲ್ಲಿ ಹಸಿರು ಹಾಸಿದೆ, ದೀಪಗಳಿವೆ, ನಿಜವಾದ ಬಲೆ ಇದೆ. ಹಲ್ಲಿಗೆ ಹಾಕುವ ರಬ್ಬರಿನ ಕವಚಕ್ಕೆ ನಿಮ್ಮ ಹೆಸರಿನ ಡಬ್ಬಿಯಿದೆ. ನಿಮ್ಮ ಅಪ್ಪ ಬರುವುದು ತಡವಾದರೆ ಅವರ ಗಾಡಿ ಎಲ್ಲಿದೆ ಎಂದು ಫೋನಿನಲ್ಲಿ ನೋಡುತ್ತೀರಿ. ಅಲ್ಲಿ ಒಂದು ನೀಲಿ ಚುಕ್ಕಿ ಮನೆಯ ಕಡೆಗೆ ಸರಿಯುತ್ತಿರುತ್ತದೆ. ನಿಮಗಿಂತ ಹೆಚ್ಚು ಹೊತ್ತು ನಾನು ಅದನ್ನು ನೋಡುತ್ತೇನೆ. ನಿಮ್ಮಲ್ಲಿ ಚಿಕ್ಕವಳ ಮುಂದಿನ ಹಲ್ಲುಗಳು ಬಿದ್ದಿವೆ, ಹೊಸವು ಬರುತ್ತಿವೆ.

ಸೀಟಿ ಅಕ್ಕನ ಹತ್ತಿರ ಇದೆ, ಈಗಲೂ ಊದುತ್ತದೆ. ಕೋಚ್ ಅಂಕಲ್ ಅವರ ಹಲ್ಲು ಮಾತ್ರ ಇನ್ನೂ ಸಿಕ್ಕಿಲ್ಲ.