ಜಟಕಾ ತಾತನ ಕುದುರೆಗೆ ಕಂಬಳಿ

ಹೋದ ವಾರ ಯಾರೋ ಹೊಸ ಕರಿಕಂಬಳಿಯೊಂದನ್ನು ಅಂಚು ಹೊಲಿಯಲು ತಂದುಕೊಟ್ಟರು. ಬಿಚ್ಚಿ ಹರಡಿದ್ದೇ ತಡ, ಹುಣಸೆಬೀಜದ ಗಂಜಿಯ ವಾಸನೆ ಅಂಗಡಿ ತುಂಬಿತು. ಗಂಜಿ ಹಾಕಿದ ಹೊಸ ಕಂಬಳಿ ಹಲಗೆಯ ಹಾಗೆ ಸೆಟೆದುಕೊಂಡಿರುತ್ತದೆ. ನನ್ನಲ್ಲಿ ಹೊಲಿಗೆ ಕಲಿಯುವ ಹುಡುಗಿಯರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಜಟಕಾ ತಾತ ನೆನಪಾದರು...

ಹೊಳೆನರಸೀಪುರದಲ್ಲಿ ನಾನು ಅಂಗಡಿ ಇಟ್ಟು ಆಗ ನಾಲ್ಕು ತಿಂಗಳಾಗಿತ್ತು. ಹೆಂಗಸೊಬ್ಬಳು ಬೋರ್ಡು ಹಾಕಿಕೊಂಡು ಕೂತಿದ್ದಾಳೆಂದು ಬೀದಿಯೇ ಬಂದು ನೋಡಿಕೊಂಡು ಹೋಗುತ್ತಿತ್ತು, ಬಟ್ಟೆ ಕೊಡುವವರು ಕಮ್ಮಿ. ನನಗಿದ್ದ ಬಂಡವಾಳವೆಂದರೆ ಒಂದು ಹೆಸರು: ಇವಳು ಹೊಲಿದ ರವಿಕೆಗೆ ಕುತ್ತಿಗೆಯ ಹತ್ತಿರ ಒಂದು ಸುಕ್ಕೂ ಬೀಳುವುದಿಲ್ಲ. ಆ ಹೆಮ್ಮೆ ತಲೆಗೂ ಏರಿತ್ತು, ಸುಳ್ಳೇಕೆ ಹೇಳಲಿ.

ತಾತ ರೈಲ್ವೆ ಸ್ಟೇಷನ್ನಿನಿಂದ ಪೇಟೆಗೆ ಜನರನ್ನು ತರುತ್ತಿದ್ದರು. ಊರಿನಲ್ಲಿ ಉಳಿದಿದ್ದ ಜಟಕಾ ಅವರದೊಂದೇ. ಆ ವರ್ಷ ಅವರ ಹೆಣ್ಣು ಕುದುರೆಗೆ ಕಜ್ಜಿ ಹತ್ತಿ, ಮುಲಾಮು ಚರ್ಮಕ್ಕೆ ತಾಗಲೆಂದು ಮೈಗೂದಲನ್ನೆಲ್ಲ ಕತ್ತರಿಸಿದ್ದರು. ಕಜ್ಜಿಯೇನೋ ವಾಸಿಯಾಯಿತು, ಆದರೆ ಅಷ್ಟರಲ್ಲಿ ಮಾರ್ಗಶಿರದ ಚಳಿ ಶುರುವಾಯಿತು. ಬೋಳು ಮೈಯ ಕುದುರೆ ಬೆಳಗಿನ ಮಂಜಿನಲ್ಲಿ ನಿಂತು ಗಡಗಡ ನಡುಗುತ್ತಿತ್ತು. ವಯಸ್ಸಾದ ಕುದುರೆ, ಚಳಿ ಎದೆಗೆ ಇಳಿದರೆ ಉಳಿಯುವುದಿಲ್ಲ ಎಂದು ಪಶುವೈದ್ಯರು ಹೇಳಿದ್ದರಂತೆ.

ಒಂದು ಮಧ್ಯಾಹ್ನ ತಾತ ಮೂರು ಹೊದಿಕೆ ಹೊತ್ತು ಬಂದರು: ಗೋಣಿತಟ್ಟು, ಹಳೇ ಕೌದಿ, ಚನ್ನರಾಯಪಟ್ಟಣದ ಸಂತೆಯಲ್ಲಿ ಕೊಂಡ ಹೊಸ ಕಂಬಳಿ. ಅಂಗಿ ಬಿಚ್ಚಿ ಒಂದೊಂದನ್ನೂ ತಮ್ಮ ಬರಿಬೆನ್ನಿಗೆ ಉಜ್ಜಿ ನೋಡತೊಡಗಿದರು. ರವಿಕೆ ಕೊಡಲು ಬಂದಿದ್ದ ಹೆಂಗಸರು ಗೋಡೆಗೆ ಮುಖ ತಿರುಗಿಸಿ ನಕ್ಕರು.

“ಗೋಣಿ ಚುಚ್ತದೆ. ಕೌದಿ ಇಬ್ನಿ ಕುಡ್ಕಂಡು ತಣ್ಗಾಗೋಯ್ತದೆ. ಕಂಬ್ಳಿನೇ ಸರಿ, ಆದ್ರೆ ಇದೂ ಕೆರೀತದೆ ಕಣವ್ವ,” ಎಂದರು. “ಕೂದ್ಲಿಲ್ದ್ ಮೈ, ಮಗೀನ್ ಮೈ ಇದ್ದಂಗೈತೆ.”

ಒಳಗಡೆ ಹಳೇ ಪಂಚೆಯ ಲೈನಿಂಗ್ ಕೊಡುತ್ತೇನೆ ಎಂದೆ. ಟೇಪು ಹಿಡಿದು ಬೀದಿಗಿಳಿದೆ. ತಾತ ಕಡಿವಾಣ ಎತ್ತಿ ಹಿಡಿದರು, ಕುದುರೆ ಕತ್ತೆತ್ತಿ ನಿಂತಿತು.

“ತಗಳವ್ವ ಅಳ್ತೆಯ, ಇವ್ಳೇನ್ ನಾಚ್ಕಳಲ್ಲ.”

ರವಿಕೆಗೆ ತೆಗೆದುಕೊಳ್ಳುವ ಹಾಗೆಯೇ ಕತ್ತಿನಳತೆ ತೆಗೆದುಕೊಂಡೆ, ಒಂದು ಬೆರಳೂ ಹೆಚ್ಚಿಲ್ಲ. ಮಾರನೆಯ ದಿನ ಕುದುರೆಗೆ ಹೊದಿಸಿ, ಕತ್ತಿನ ಬುಡದಲ್ಲಿ, ಎದೆಯ ಮೇಲೆ ದಬ್ಬಳದಿಂದ ಎರಡೆಳೆ ಹಾಕಿ ಮುಚ್ಚಿ ಹೊಲಿದೆ. ಗುಂಡಿ ಇಟ್ಟರೆ ಸುಕ್ಕು ಬೀಳುತ್ತದಲ್ಲ! ಸ್ಟೇಷನ್ನಿನ ಹತ್ತಿರ ನಾಲ್ಕು ಜನ ಸೇರಿ ಮದುವಣಗಿತ್ತಿಯ ಹಾಗಿದೆ ಎಂದು ಹೊಗಳಿದರು. ನಾನು ಉಬ್ಬಿಹೋದೆ.

ಅದಾಗಿ ಎರಡು ದಿನ ಜಟಕಾ ಕಾಣಲಿಲ್ಲ. ಕುದುರೆ ಮೇವು ಮುಟ್ಟುತ್ತಿಲ್ಲವೆಂದು ಯಾರೋ ಹೇಳಿದರು. ಸಂಜೆ ತಾತನ ಕೊಟ್ಟಿಗೆಗೆ ಹೋದೆ. ಬೇಯಿಸಿದ ಹುರುಳಿ ನೆಲದ ಮೇಲಿನ ಬೋಗುಣಿಯಲ್ಲಿ ಹಾಗೇ ಇತ್ತು. ತಾತ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. “ಚಳಿ ಎದೇಗ್ ಇಳೀತೋ ಏನೋ ಕಣವ್ವ,” ಎನ್ನುತ್ತಾ ಬೋಗುಣಿಯನ್ನು ಕುದುರೆಯ ಹತ್ತಿರಕ್ಕೆ ಸರಿಸಿದರು.

ನಾನು ನೋಡುತ್ತಿದ್ದ ಹಾಗೆ ಕುದುರೆ ಬೋಗುಣಿಯ ಕಡೆ ತಲೆ ಇಳಿಸಿತು, ಅರ್ಧಕ್ಕೇ ನಿಂತಿತು, ಮತ್ತೆ ಮೇಲೆತ್ತಿತು. ಕತ್ತು ಬಗ್ಗಿಸಿದರೆ ನನ್ನ ಹೊಲಿಗೆ ಗಂಟಲು ಒತ್ತುತ್ತಿತ್ತು! ಕತ್ತೆತ್ತಿ ನಿಂತ ಕುದುರೆಗೆ ಅಳತೆ ತೆಗೆದಿದ್ದೆ, ತಿನ್ನುವ ಕುದುರೆಗಲ್ಲ.

ಹೇಳಬೇಕಿತ್ತು. ಬಾಯಿ ಬರಲಿಲ್ಲ. ಕುದುರೆಗೇ ಉಸಿರು ಕಟ್ಟುವ ಹಾಗೆ ಹೊಲಿದಳಂತೆ ಎಂದು ಪೇಟೆ ನಕ್ಕರೆ ನಾಲ್ಕು ತಿಂಗಳ ಅಂಗಡಿಗೆ ಬೀಗವೇ ಗತಿ. “ನಾಳೆಗೆ ಸರಿಹೋಗುತ್ತೆ ಬಿಡಿ ತಾತ,” ಎಂದು ಮನೆಗೆ ಬಂದುಬಿಟ್ಟೆ. ನನ್ನ ಹೆಸರಿಗೋಸ್ಕರ ಆ ಮೂಕಜೀವವನ್ನು ಇನ್ನೊಂದು ರಾತ್ರಿ ಉಪವಾಸ ನಿಲ್ಲಿಸಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಕತ್ತರಿ ಹಿಡಿದು ಓಡಿದೆ. ಕುದುರೆ ಬೋಗುಣಿಯೊಳಗೆ ಮೂತಿಯಿಟ್ಟು ಹುರುಳಿ ತಿನ್ನುತ್ತಿತ್ತು. ಎದೆಯ ಹೊಲಿಗೆಯನ್ನು ತಾತ ಬಿಚ್ಚಿದ್ದರು. ಪಕ್ಕದ ಮನೆಯವರು ಏನಾಗಿತ್ತೆಂದು ಕೇಳಿದ್ದಕ್ಕೆ ತಾತ, “ಔಸ್ದಿ ಕಾವು, ಇಳೀತು,” ಎಂದರು. ನೆರೆಯವರು ಅತ್ತ ಹೋದ ಮೇಲೆ ಕಂಬಳಿ ತೆಗೆದು ನನ್ನ ಕೈಗಿತ್ತರು.

“ಇವ್ಳು ತಲೆ ಬಗ್ಸಿ ಉಣ್ಣೋಳು ಕಣವ್ವ. ಒಂದ್ ಗೇಣು ಬುಟ್ಟು ಒಲ್ಕೊಡು.”

ಅಷ್ಟೇ. ನನ್ನ ಮುಖ ನೋಡಲಿಲ್ಲ. ನನಗೆ ಹಿಂದಿನ ಸಂಜೆಯೇ ಗೊತ್ತಾಗಿತ್ತೆಂದು ಅವರಿಗೆ ತಿಳಿದಿತ್ತೋ ಇಲ್ಲವೋ... ನಾನೂ ಬಾಯಿ ಬಿಡಲಿಲ್ಲ. ಮಧ್ಯಾಹ್ನದೊಳಗೆ ಗೇಣಗಲದ ತುಂಡು ಸೇರಿಸಿ ಕೊಟ್ಟೆ. ಶಿವರಾತ್ರಿಯ ಹೊತ್ತಿಗೆ ಕುದುರೆಗೆ ಕೂದಲು ಬಂತು, ನನ್ನ ಅಂಗಡಿಯೂ ಕಾಲೂರಿ ನಿಂತಿತು.

ಆಮೇಲೆ ಆಟೋಗಳು ಬಂದವು. ಕುದುರೆ ಸತ್ತ ಮೇಲೆ ತಾತ ಅರಕಲಗೂಡಿನ ಕಡೆ ಮಗಳ ಮನೆಗೆ ಹೋದರು. ಒಂದು ಭಾನುವಾರ ಹೋಗಿ, ಆ ಸಂಜೆಯೇ ನನಗೆ ಗೊತ್ತಾಗಿತ್ತೆಂದು ಹೇಳಿಬರೋಣ ಎಂದುಕೊಳ್ಳುತ್ತಲೇ ಇದ್ದೆ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ತಿಥಿಯೂ ಮುಗಿದಿತ್ತು.

ಈಗ ನಾನು ಯಾರ ಅಳತೆ ತೆಗೆದರೂ “ಒಂದ್ಸಲ ಬಗ್ಗಿ, ಕೈ ಎತ್ತಿ” ಎನ್ನುತ್ತೇನೆ. ಯಾಕೆಂದು ಕೇಳುವ ಹುಡುಗಿಯರಿಗೆ ಕುದುರೆಯ ಕಥೆ ಹೇಳುತ್ತೇನೆ. ಇಷ್ಟು ವರ್ಷವೂ ಆ ತಪ್ಪು ಮಾಡಿದ್ದು ಬೇರೆ ಯಾರೋ ಟೈಲರ್ ಎಂದೇ ಹೇಳಿಕೊಂಡು ಬಂದಿದ್ದೆ. ಹೋದ ವಾರ ಒಬ್ಬಳು, “ಆ ಟೈಲರ್ ಯಾರು ಆಂಟಿ?” ಅಂದಳು.

“ನಾನೇ,” ಅಂದೆ.

ತಮಾಷೆ ಅಂದುಕೊಂಡು ಎಲ್ಲರೂ ನಕ್ಕರು. ನಗದೆ ಕೇಳಿಸಿಕೊಳ್ಳುವಂಥವರು ತಾತ ಒಬ್ಬರೇ ಇದ್ದರು. ಅವರಿಗೆ ನಾನು ಹೇಳಲೇ ಇಲ್ಲ.